ಗೆದ್ದಲು ತಿನ್ನದ ಓಲೆ

ಜುಲೈ 14, ಸೋಮವಾರ. ಬೆಳಗ್ಗೆ 6

ಪಂಪ್ ಹೌಸಿಗೆ ಫೋನ್. ಮೂರನೇ ಪಂಪು ಮತ್ತೆ ಕೈಕೊಟ್ಟಿದೆ. ಲೋವಿನಾ ಕಡಲತೀರದ ಎರಡು ಹೋಟೆಲಿಗೆ ಟ್ಯಾಂಕರ್ ಕಳಿಸಿ ಎಂದೆ. ಆಮೇಲೆ ಓಲೆ ಕೋಣೆ. ತೇವ ಐವತ್ತು, ಉಷ್ಣ ಇಪ್ಪತ್ತೆರಡು — ಗೋಡೆಯ ಮೀಟರು ನೋಡಿ ಬರೆದಿಟ್ಟೆ. ಮುನ್ನೂರ ಹನ್ನೆರಡು ಕಟ್ಟು ತಾಳೆಗರಿ, ಎಲ್ಲವೂ ಗಾಜಿನೊಳಗೆ ಕ್ಷೇಮ.

ಮನೆಯೊಳಗೆ ಹಾಗಿಲ್ಲ. ಹೆಂಡತಿ ಲೂಗೆ ಗಂಜಿ ಕುಡಿಸಿದೆ. ಬಲಗಡೆಯ ತುಟಿಯಿಂದ ಸೋರುತ್ತದೆ. ಒರೆಸಿದರೆ ಸಿಟ್ಟು. ಎಡಗೈಯಿಂದ ಬಟ್ಟೆ ಕಿತ್ತುಕೊಂಡು ತಾನೇ ಒರೆಸಿಕೊಂಡಳು. ಸ್ಟ್ರೋಕ್ ಆಗಿ ಐದು ವಾರ. ಮಾತು ಒಂದೂ ಇಲ್ಲ. ಐವತ್ತು ವರ್ಷ ದಿನಕ್ಕೆ ನೂರು ಸಲ ‘ಬ್ಲಿ’ ಎಂದು ಕರೆದವಳು. ಬ್ಲಿ ಎಂದರೆ ಅಣ್ಣ; ನಮ್ಮಲ್ಲಿ ಹೆಂಡತಿ ಗಂಡನನ್ನು ಹಾಗೆಯೇ ಕರೆಯುವುದು. ಅಷ್ಟು ಸಲ ಕರೆದಾಗ ಎಷ್ಟು ಸಲ ‘ಏನು’ ಎಂದು ಓಗೊಟ್ಟಿದ್ದೇನೋ. ಯಾವಾಗಲೂ ಕಿವಿಯಲ್ಲಿ ಫೋನು.

ಮೂರು ತಿಂಗಳಲ್ಲಿ ಮಾತು ಬಂದಷ್ಟು ಬಂತು ಎಂದಿದ್ದಾರೆ ಡಾಕ್ಟರು. ಅಂದರೆ ಸೆಪ್ಟೆಂಬರ್ ಒಂಬತ್ತರವರೆಗೆ.

ಜುಲೈ 16

ಮಾತು ಕಲಿಸಲು ಪಕ್ಕದ ದ್ವೀಪ ಜಾವಾದ ಹುಡುಗಿ ಬರುತ್ತಾಳೆ. ರಾತಿ. ಚಿತ್ರ ತೋರಿಸುತ್ತಾಳೆ — ಹಸು, ಕೊಡೆ, ಚಮಚ. ಎಪ್ಪತ್ತು ವರ್ಷದವಳಿಗೆ ಚಮಚ ತೋರಿಸಿದರೆ ಹೇಗಿರುತ್ತದೆ? ಲೂ ಮುಖ ತಿರುಗಿಸಿಬಿಟ್ಟಳು. ನನಗೆ ಒಳಗೊಳಗೇ ಖುಷಿ. ಹಟ ಹೋಗಿಲ್ಲ.

ಹೊರಡುವಾಗ ರಾತಿ ಒಂದು ಮಾತು ಹೇಳಿದಳು. ತಲೆಯಲ್ಲಿ ಮಾತಿನ ಮನೆ ಬೇರೆ, ಹಾಡಿನ ಮನೆ ಬೇರೆಯಂತೆ. ಮಾತಿನ ಮನೆ ಕುಸಿದರೂ ಹಾಡಿನ ಬಾಗಿಲಿಂದ ಕೆಲವರು ಹೊರಗೆ ಬರುತ್ತಾರಂತೆ. ಚಿಕ್ಕಂದಿನಲ್ಲಿ ಕೇಳಿದ ಹಾಡು ಯಾವುದಾದರೂ ಇದೆಯೇ ಎಂದು ಕೇಳಿದಳು.

ಗೊತ್ತಿಲ್ಲ ಎಂದೆ.

ಜುಲೈ 20, ಭಾನುವಾರ

ಗೊತ್ತಿಲ್ಲ ಎಂದರೆ ಲೂ ಬಿಡುವವಳೇ? ಮೂರು ದಿನದಿಂದ ಒಂದೇ ರಾಗ ಗುನುಗುತ್ತಿದ್ದಾಳೆ. ಪದ ಇಲ್ಲ, ಬರೀ ರಾಗ. ಅರ್ಧಕ್ಕೆ ಬಂದು ನಿಲ್ಲುತ್ತದೆ. ಮತ್ತೆ ಮೊದಲಿನಿಂದ. ಪದ ಹುಡುಕಿ ಹುಡುಕಿ ಸಿಗದೆ ತೊಡೆ ಗುದ್ದಿಕೊಳ್ಳುತ್ತಾಳೆ.

ಮಗಳು ಪುತು ಹೋಗಿ ಪೂಜಾರಿ ಸುವಿತ್ರನನ್ನು ಕರೆತಂದಳು. ಊರಲ್ಲಿ ಓಲೆ ಹಾಡಬಲ್ಲವನು ಈಗ ಅವನೊಬ್ಬ. ನನ್ನ ಓರಗೆಯವನು. ಇಬ್ಬರೂ ಒಟ್ಟಿಗೆ ಹುಣಸೆಕಾಯಿ ಕದ್ದವರು. ಓಲೆ ಕೋಣೆಗೆ ಬಂದು ಕೈಗವಸು ಹಾಕಿಕೋ ಎಂದರೆ ನಕ್ಕ.

“ಹಾಡಿದ್ರೆ ಓಲೆ ಕಣೋ ನೆಂಗಾ. ಗಾಜಲ್ಲಿಟ್ರೆ ಸೌದೆ.”

ಹತ್ತು ಕಟ್ಟು ಬಿಚ್ಚಿ ಲೂ ಮುಂದೆ ಹಾಡಿದ. ರಾಜರ ಕಥೆ, ಕಪ್ಪೆಯ ಕಥೆ, ಮದುವೆ ಹಾಡು. ಒಂದಕ್ಕೂ ಕಿವಿಗೊಡಲಿಲ್ಲ. ಕೊನೆಗೆ ತಾನೇ ಗುನುಗಿದಳು. ಸುವಿತ್ರ ಕೈಯಲ್ಲಿದ್ದ ಕಟ್ಟು ಮುಚ್ಚಿದ. ಆಮೇಲೆ ಹೇಳಿದ — ಇದು ಪಾನ್ ಮುದ್ರಿಯದು. ಪಾನ್ ಎಂದರೆ ಅಪ್ಪ — ನನ್ನ ಲೂ ಮುದ್ರಿಯ ಅಪ್ಪ. ಮಗಳ ಹೆಸರಲ್ಲೇ ಊರು ಅವರನ್ನು ಕರೆಯುತ್ತಿದ್ದದ್ದು, ಸ್ವಂತ ಹೆಸರು ಯಾರಿಗೂ ನೆನಪಿಲ್ಲ. ಅವರೇ ಕಟ್ಟಿದ ಹಾಡು, ಅವರೇ ಕೊರೆದ ಓಲೆ. ಅದರ ಎರಡನೇ ಪ್ರತಿ ಎಲ್ಲೂ ಇಲ್ಲ.

“ಆ ಒಂದು ಕಟ್ಟನ್ನ ಗೆದ್ದಲು ತಿನ್ದೇ ಇದ್ದಿದ್ರೆ!” ಎಂದ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಎ.ಸಿ. ಸರಿಯಿದೆಯೇ ನೋಡಿ ಬರುತ್ತೇನೆಂದು ಎದ್ದು ಹೋದೆ.

ಜುಲೈ 21. ಬೆಳಗ್ಗೆ 5

ಇಲ್ಲಾದರೂ ಬರೆಯುತ್ತೇನೆ. ಯಾರು ಓದುತ್ತಾರೆ.

ಲೂಳನ್ನು ನಾನು ಓಡಿಸಿಕೊಂಡು ಬಂದೆ. ನಮ್ಮಲ್ಲಿ ಅದು ದೊಡ್ಡ ವಿಷಯವಲ್ಲ, ಅರ್ಧ ಊರು ಹಾಗೇ ಮದುವೆಯಾದದ್ದು. ಆದರೆ ಅವಳ ಅಪ್ಪ ಒಂದು ವರ್ಷ ಮಾತು ಬಿಟ್ಟರು. ಒಂದು ಬೆಳಗ್ಗೆ ಬಂದು ಬಾಗಿಲಲ್ಲೇ ನಿಂತರು. ಓಲೆಕಟ್ಟನ್ನು ಮಗಳ ಕೈಗಿಟ್ಟರು. ನೀರೂ ಕುಡಿಯದೆ ಹೋದರು. ತವರಿನಿಂದ ಅವಳಿಗೆ ಬಂದದ್ದು ಅದೊಂದೇ. ಅಡುಗೆಮನೆಯಲ್ಲಿ ಒಲೆಯ ಮೇಲೆ ತೂಗುಹಾಕಿದ್ದಳು. ಒಮ್ಮೆ ಹಗ್ಗ ಸುಟ್ಟು ಬಿದ್ದು, ಕಟ್ಟಿನ ಮೇಲಿನ ಹಲಸಿನ ಹಲಗೆಯ ಮೂಲೆ ಕರಕಲಾಯಿತು. ಸಂಜೆ ಇಳಿಸಿ ಹಾಡಿಕೊಳ್ಳುತ್ತಿದ್ದಳು. ಮರುವರ್ಷ ಅಪ್ಪ ತೀರಿಕೊಂಡರು.

1976. ಮೀನುದೋಣಿಯ ಹಳೆ ಡೀಸೆಲ್ ಜನರೇಟರ್ ಒಂದು ಮಾರಾಟಕ್ಕಿತ್ತು. ನನ್ನ ಬಳಿ ಒಂದು ಸೈಕಲ್ಲು, ತಲೆತುಂಬ ಬಲ್ಬುಗಳು. ಓಲೆ ಕೇಳಿಕೊಂಡು ಡಚ್ಚನೊಬ್ಬ ಹಳ್ಳಿ ಹಳ್ಳಿ ತಿರುಗುತ್ತಿದ್ದ. ಲೂ ಸಂತೆಗೆ ಹೋಗಿದ್ದಳು. ಕಟ್ಟನ್ನು ಪಂಚೆಯಲ್ಲಿ ಸುತ್ತಿ ಸೈಕಲ್ಲಿಗೆ ಕಟ್ಟಿಕೊಂಡು ಹೋದೆ.

ಹನ್ನೊಂದು ಮನೆಗೆ ದೀಪ ಬಂತು. ನಮ್ಮ ಅಡುಗೆಮನೆಗೂ ಒಂದು. ಲೂ ಮಗುವಿನ ಹಾಗೆ ಕೈ ತಟ್ಟಿದಳು. ಆ ಬೆಳಕಿನಲ್ಲೇ ಒಲೆಯ ಮೇಲಿನ ಖಾಲಿ ಕೊಕ್ಕೆ ಕಂಡಳು. ಕೇಳಿದಳು. ಗೆದ್ದಲು ತಿಂದು ಪುಡಿಯಾಗಿತ್ತು, ಹೊಳೆಗೆ ಬಿಟ್ಟೆ ಎಂದೆ. ಓ ಎಂದಳು. ಅಷ್ಟೇ. ಮತ್ತೆ ಕೇಳಲಿಲ್ಲ.

ಇವತ್ತು ಈ ಕರಾವಳಿಯ ಅರ್ಧ ಹೋಟೆಲಿಗೆ ನೀರು ನನ್ನದು, ಕರೆಂಟ್ ಹೋದರೆ ಬೆಳಕು ನನ್ನದು. ಎಲ್ಲ ಮಾವನ ಓಲೆಯ ಮೇಲೆ ನಿಂತದ್ದು. ದೀಪದ ಬುಡ ಕತ್ತಲು ಎನ್ನುತ್ತಾರಲ್ಲ, ಆ ಬುಡದಲ್ಲಿ ಕೂತವನು ನಾನು. ಆಮೇಲೆ ಮುನ್ನೂರ ಹನ್ನೊಂದು ಕಟ್ಟು ಕೊಂಡೆ. ಜನ ಸಂಗ್ರಹ ಎಂದರು, ಪತ್ರಿಕೆಯವರು ಫೋಟೋ ತೆಗೆದರು. ಒಂದನ್ನು ಕಳಕೊಂಡವನ ಹುಡುಕಾಟ ಅದು.

ಸಿಕ್ಕಿತು ಕೂಡ. ಹನ್ನೊಂದು ವರ್ಷದ ಹಿಂದೆ, ದಕ್ಷಿಣ ತೀರದ ಸಾನೂರಿನ ಒಂದು ಹರಾಜಿನಲ್ಲಿ. ಕರಕಲು ಮೂಲೆ ನೋಡಿದ ಕೂಡಲೇ ಗೊತ್ತಾಯಿತು. ಕೊಂಡು ತಂದೆ. ಹೇಳಲು ಬಾಯಿ ಬರಲಿಲ್ಲ. ಸಿಕ್ಕಿತು ಎನ್ನಬೇಕಾದರೆ ಮಾರಿದ್ದೆ ಎನ್ನಬೇಕು. 207ನೇ ಪೆಟ್ಟಿಗೆ. ಪಟ್ಟಿಯಲ್ಲಿ ‘ಔಷಧಿ ಓಲೆ, ಅಪೂರ್ಣ’ ಎಂದು ಬರೆದಿದ್ದೇನೆ.

ಅವಳ ಹಾಸಿಗೆಯಿಂದ ಇಪ್ಪತ್ತು ಹೆಜ್ಜೆ.

ಆಗಸ್ಟ್ 9

ಹದಿನೆಂಟು ದಿನ ಬರೆದಿಲ್ಲ. ಬರೆದರೆ ಇದೇ ಬರುತ್ತದೆ.

ಇವತ್ತು ಹೇಳಿಬಿಡೋಣ ಎಂದು ಕುರ್ಚಿ ಎಳೆದು ಕೂತೆ. ಕೈ ಹಿಡಿದೆ. ಲೂ, ಒಂದು ವಿಷಯ ಎಂದೆ. ದಿಟ್ಟಿಸಿ ನೋಡಿದಳು. ಹೇಳಿದ್ದೇನು? ಮೂರನೇ ಪಂಪಿಗೆ ಹೊಸ ಮೋಟಾರ್ ಹಾಕಿಸಿದ್ದು. ಪೂರ್ತಿ ಕೇಳಿಸಿಕೊಂಡಳು ಪಾಪ. ಇಂಥ ಹೇಡಿಯ ಜೊತೆ ಐವತ್ತು ವರ್ಷ ಬಾಳಿದ್ದಾಳೆ.

ರಾಗ ಗುನುಗುವುದು ಕಡಿಮೆಯಾಗಿದೆ. ಹಾಡದಿದ್ದರೆ ಅದೂ ಮುಚ್ಚಿಹೋಗಬಹುದು ಎಂದಳು ರಾತಿ.

ಆಗಸ್ಟ್ 27, ಮಧ್ಯಾಹ್ನ

207 ತೆಗೆದೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ. ನನ್ನ ಎ.ಸಿ.ಯ ಪ್ರತಾಪ — ಗರಿ ಒಣಗಿ ಅಂಚು ಬಿರಿದಿದೆ. ಹೊಗೆಯಲ್ಲಿದ್ದಾಗ ಮೆತ್ತಗಿತ್ತು. ಅಕ್ಷರದ ಮಸಿ ಹಾರಿಹೋಗಿ, ಗರಿ ಖಾಲಿ ಕಾಣುತ್ತದೆ. ಬೆಳಕಿಗೆ ಓರೆ ಹಿಡಿದರೆ ಮಾತ್ರ ಗೀರು.

ಎಣ್ಣೆ ತುಂಬಿದ ಕೆಮಿರಿ ಕಾಯಿ ಸುಟ್ಟೆ. ಮಸಿ ಅರೆದು ಗರಿಗೆ ತಿಕ್ಕಿದೆ, ಬಟ್ಟೆಯಲ್ಲಿ ಒರೆಸಿದೆ. ಒರೆಸಿದಂತೆ ಗೀರಿನಲ್ಲಿ ಮಾತ್ರ ಕಪ್ಪು ಉಳಿದು ಮಾವನ ಅಕ್ಷರ ಒಂದೊಂದೇ ಎದ್ದು ಬಂತು. ಚಿಕ್ಕ ಚಿಕ್ಕ, ದುಂಡು ದುಂಡು. ಮೂವತ್ತನಾಲ್ಕು ಗರಿ. ಬೆನ್ನು ಬಿದ್ದುಹೋಯಿತು. ಈ ಕೆಲಸಕ್ಕೆ ಸಂಬಳದ ಜನರಿದ್ದಾರೆ. ಇದೊಂದನ್ನು ನಾನೇ ಮಾಡಬೇಕಿತ್ತು.

ಕೈ ಎಷ್ಟು ತೊಳೆದರೂ ಕಪ್ಪು ಹೋಗಲಿಲ್ಲ. ಗಂಜಿ ಕುಡಿಸುವಾಗ ಲೂ ನನ್ನ ಬೆರಳು ಹಿಡಿದುಕೊಂಡಳು. ಮೂಗಿನ ಹತ್ತಿರ ತಂದು ಮೂಸಿದಳು. ಬಹಳ ಹೊತ್ತು ಬಿಡಲಿಲ್ಲ. ಅವಳ ಅಪ್ಪನ ಕೈಯಲ್ಲಿ ಯಾವಾಗಲೂ ಇದೇ ವಾಸನೆ ಇರುತ್ತಿತ್ತು.

ಸೆಪ್ಟೆಂಬರ್ 5, ಶುಕ್ರವಾರ

ನಾಳೆ ಸರಸ್ವತಿ ಹಬ್ಬ. ಓಲೆಗಳನ್ನೆಲ್ಲ ಜಗಲಿಗೆ ಇಳಿಸಿ, ಹೂವು ಅಕ್ಕಿ ಇಟ್ಟು ಪೂಜೆ. ನಾಳೆ ಓದುವ ಹಾಗಿಲ್ಲ, ಬರೆಯುವ ಹಾಗಿಲ್ಲ. ಅಕ್ಷರಕ್ಕೆ ವಿಶ್ರಾಂತಿ. ಒಂದು ಅಕ್ಷರ ಅಳಿಸಿದರೂ ಪಾಪ. ಮರುದಿನ ಕಡಲಲ್ಲಿ ಮಿಂದು ಬಂದ ಮೇಲೆಯೇ ಓದು.

207ನ್ನು ರಾಶಿಯ ಮೇಲೇ ಇಡುತ್ತೇನೆ. ನಾಳೆ ಅವಳು ನೋಡಲಿ. ನಾಡಿದ್ದು ಸುವಿತ್ರ ಹಾಡಲಿ. ಆ ಎರಡರ ನಡುವೆ ಎಲ್ಲೋ ಒಂದು ಕಡೆ ನಾನು ಬಾಯಿ ಬಿಡುತ್ತೇನೆ.

ಹೆದರಿಕೆ ಆಗುತ್ತಿದೆ. ಎಪ್ಪತ್ತಮೂರು ವರ್ಷ ನನಗೆ.

ಸೆಪ್ಟೆಂಬರ್ 7, ಭಾನುವಾರ. ಬೆಳಗ್ಗೆ 9

ಕಡಲಿಂದ ಈಗ ಬಂದೆ. ತಲೆ ಇನ್ನೂ ಒದ್ದೆ. ನಿನ್ನೆಯದನ್ನು ನಿನ್ನೆ ಬರೆಯುವಂತಿರಲಿಲ್ಲ. ಕ್ರಮವಾಗಿ ಬರೆಯಬೇಕು, ಕೈ ಓಡುತ್ತಿದೆ.

ಜಗಲಿಯಲ್ಲಿ ಓಲೆರಾಶಿ. ಹೂವು, ಊದುಬತ್ತಿ. ಪುತು ಅಮ್ಮನಿಗೆ ಬಿಳಿ ಕುಪ್ಪಸ ತೊಡಿಸಿ ಗಾಲಿಕುರ್ಚಿಯಲ್ಲಿ ತಂದಳು. ಕಂಪನಿಯವರು ಮೂವತ್ತು ಜನ ಕೆಳಗೆ ಕೂತಿದ್ದರು. ಸುವಿತ್ರ ತೀರ್ಥ ಚಿಮುಕಿಸುತ್ತಿದ್ದ. ಲೂ ಕಣ್ಣು ರಾಶಿಯ ಮೇಲೆ ಹರಿದು ಹರಿದು ಒಂದು ಕಡೆ ನಿಂತಿತು. ಕರಕಲು ಮೂಲೆ.

ಎಡಗೈ ಚಾಚಿದಳು. ತೊಡೆಯ ಮೇಲೆ ಇಟ್ಟುಕೊಂಡಳು. ನಾನು ಗಂಟು ಹಾಕಿದ್ದ ದಾರವನ್ನು ಒಂದೇ ಕೈಯಲ್ಲಿ ಬಿಚ್ಚಿದಳು. ಹಲಗೆ ಸರಿಸಿ ಮೊದಲ ಗರಿ ಎತ್ತಿದಳು. ನಾಡಿದ್ದು ಎಂದು ನಾನು ಹಾಕಿದ್ದ ಲೆಕ್ಕವೆಲ್ಲ ಅಲ್ಲಿಗೆ ಮುಗಿಯಿತು.

ಹಾಡಿದಳು. ಪದ ಇಟ್ಟು ಹಾಡಿದಳು.

“ಮಿಂಚುಹುಳ ಬಾವಿಗೆ ಬಗ್ಗಿ ಕೇಳಿತು — ಅಕ್ಕಾ, ನಿನ್ನೊಳಗೆ ಇನ್ನೊಬ್ಬ ನಾನು ಯಾಕೆ?”

ಧ್ವನಿ ಒಡಕು, ಬಲತುಟಿ ಸೋರುತ್ತಿತ್ತು. ಆದರೆ ಒಂದು ಪದ ತಪ್ಪಲಿಲ್ಲ. ಎಲ್ಲರೂ ಗಾಬರಿ — ಹಬ್ಬದ ದಿನ ಓದು! ತಡೆಯಲು ಪುತು ಮುಂದೆ ಬಂದಳು. ಸುವಿತ್ರ ಕೈ ಅಡ್ಡ ಹಿಡಿದ.

“ಅವಳು ಓದ್ತಾ ಇಲ್ಲ ಕಣಮ್ಮಾ. ಕಣ್ಣು ಮುಚ್ಚಿದಾಳೆ ನೋಡು.”

ಹೌದು. ಕಣ್ಣು ಮುಚ್ಚಿತ್ತು. ಅಕ್ಷರ ಬೇಕಿರಲಿಲ್ಲ ಅವಳಿಗೆ. ಆ ಗರಿಯ ತೂಕ, ಆ ಮಸಿಯ ವಾಸನೆ ಕೈಗೆ ಬರಬೇಕಿತ್ತು ಅಷ್ಟೇ. ಇಪ್ಪತ್ತು ಹೆಜ್ಜೆ ದೂರದಲ್ಲಿ ಮೂರು ತಿಂಗಳು ಬೀಗ ಹಾಕಿ ಇಟ್ಟಿದ್ದೆ ನಾನು.

ಏಳು ಪದ್ಯ ಆಯಿತು. ಕಣ್ಣು ಬಿಟ್ಟಳು. ಹಲಗೆ ನೋಡಿದಳು, ನನ್ನನ್ನು ನೋಡಿದಳು. ಅಲ್ಲೇ ಮಂಡಿಯೂರಿದೆ. ಕಂಪನಿಯವರಿದ್ದರು, ಇರಲಿ.

“ಗೆದ್ದಲು ತಿಂದಿರಲಿಲ್ಲ ಲೂ. ನಾನೇ ಮಾರಿದ್ದೆ. ಜನರೇಟರಿಗೋಸ್ಕರ ಮಾರಿದ್ದೆ.”

ಅವಳ ತುಟಿ ಅಲುಗಿತು. ಏನೋ ಹುಡುಕುತ್ತಿದ್ದಳು. ತೊಡೆ ಗುದ್ದಿಕೊಳ್ಳುತ್ತಾಳೆ ಎಂದು ಕೈ ಹಿಡಿಯಹೋದೆ. ಬಿಡಿಸಿಕೊಂಡು, ಬೆರಳನ್ನು ನನ್ನ ಎದೆಗೆ ಒತ್ತಿದಳು.

“ಗೆ... ಗೆದ್ಲು,” ಎಂದಳು.

ಮೂರು ತಿಂಗಳಲ್ಲಿ ಮೊದಲ ಮಾತು. ಅರ್ಧ ಬಾಯಿಯಲ್ಲಿ ನಕ್ಕಳು. ಮತ್ತೆ ಒತ್ತಿದಳು. “ಗೆದ್ಲು.” ನಾನು ಅವಳ ಮಡಿಲಲ್ಲಿ ತಲೆಯಿಟ್ಟು ಅತ್ತೆ. ಓಲೆ ಒದ್ದೆಯಾಗುತ್ತೆ ಎಂದು ಯಾರೋ ಕಟ್ಟನ್ನು ಎತ್ತಿಕೊಂಡರು. ಅಕ್ಷರ ಅಳಿಸಿದರೆ ಪಾಪವಲ್ಲವೇ.

ಆಮೇಲೆ ಪುತು ಹೇಳಿದಳು. ಅಮ್ಮನಿಗೆ ಮೊದಲಿನಿಂದಲೂ ಗೊತ್ತಿತ್ತಂತೆ.

“ಒಲೆ ಹೊಗೇಲಿದ್ದ ಓಲೆಗೆ ಗೆದ್ದಲು ಹತ್ತುತ್ತೇನಪ್ಪಾ? ಚಿಕ್ಕ ಮಗೂಗೂ ಗೊತ್ತು. ‘ನಿಮ್ಮಪ್ಪನ ಗೆದ್ದಲಿಗೆ ಸೈಕಲ್ ಹೊಡೆಯೋಕೆ ಬರುತ್ತೆ’ ಅಂತ ನನ್ಹತ್ರ ಹೇಳಿ ನಗ್ತಿದ್ಲು.”

ಯಾಕೆ ಕೇಳಲಿಲ್ಲ ನನ್ನನ್ನು ಎಂದೆ. ನೀನಾಗಿ ಹೇಳುತ್ತೀ ಎಂದು ಅಮ್ಮ ಕಾಯುತ್ತಿದ್ದಳಂತೆ.

ನಲವತ್ತೊಂಬತ್ತು ವರ್ಷ. ನನ್ನ ಎಲ್ಲ ಮೀಟರುಗಳಿಗೂ ಸಿಗದೆ ಈ ಮನೆಯಲ್ಲಿ ಇಂಥದ್ದೊಂದು ಹರಿಯುತ್ತಿತ್ತು.

ಸೆಪ್ಟೆಂಬರ್ 10

ಓಲೆ ಕೋಣೆಯ ಎ.ಸಿ. ಆರಿಸಿದೆ. ಕಿಟಕಿ ತೆಗೆದೆ. 207 ಈಗ ಅಡುಗೆಮನೆಯಲ್ಲಿ, ಒಲೆಯ ಮೇಲೆ. ಗ್ಯಾಸು ತೆಗೆಸಿ ಒಂದು ಸೌದೆ ಒಲೆ ಹಾಕಿಸಬೇಕಾಯಿತು. ಪುತು ತಲೆ ಚಚ್ಚಿಕೊಂಡಳು. ಪಟ್ಟಿಯಲ್ಲಿ ‘ಔಷಧಿ ಓಲೆ’ ಎಂದಿದ್ದನ್ನು ಹೊಡೆಯಲು ಪೆನ್ ಎತ್ತಿದೆ. ಹೊಡೆಯಲಿಲ್ಲ. ‘ಅಪೂರ್ಣ’ ಎಂಬುದನ್ನು ಮಾತ್ರ ಹೊಡೆದೆ.

ಮಾತು ದಿನಕ್ಕೊಂದು ಬರುತ್ತಿದೆ. ಬಾವಿ. ಅಕ್ಕ. ಹುಳ. ಎಲ್ಲ ಹಾಡಿನವೇ. ನನಗೆ ಮಾತ್ರ ಹೆಸರು ಬದಲಾಗಿದೆ. ನೀರು ಬೇಕೆಂದರೆ ಗೆದ್ಲು, ದಿಂಬು ಸರಿಸೆಂದರೆ ಗೆದ್ಲು. ರಾತಿ ಗಾಬರಿಯಾಗಿ ಕೀಟದ ಔಷಧಿ ಹೊಡೆಸಿ ಎಂದಳು.

ಸೆಪ್ಟೆಂಬರ್ 20, ಶನಿವಾರ

ಇವತ್ತು ಕಬ್ಬಿಣದ ಪೂಜೆ. ಪಂಪು, ಟ್ಯಾಂಕರು, ಎಲ್ಲಕ್ಕೂ ಹೂವು. ಅಂಗಳದ ಮೂಲೆಯಲ್ಲಿ ಆ ಮೊದಲ ಜನರೇಟರ್ ಇದೆ. ಕೆಟ್ಟು ನಲವತ್ತು ವರ್ಷ. ಅದಕ್ಕೆ ಲೂ ಎಂದೂ ಕೈ ಮುಗಿದವಳಲ್ಲ, ದೂರದಿಂದಲೇ ಹೋಗುತ್ತಿದ್ದಳು. ಯಾಕೆಂದು ನಾನು ಕೇಳಿರಲಿಲ್ಲ.

ಇವತ್ತು ಕುರ್ಚಿಯನ್ನು ಅಲ್ಲಿಗೇ ತಳ್ಳು ಎಂದು ಕೈ ತೋರಿಸಿದಳು. ಎಡಗೈಯಿಂದ ಹೂವಿಟ್ಟಳು. ತುಕ್ಕು ಹಿಡಿದ ಮುಚ್ಚಳದ ಮೇಲೆ ಅಂಗೈ ಊರಿ, ಮೆಲ್ಲಗೆ, “ಅಪ್ಪ” ಎಂದಳು.

ಒಳಗೆ ಬಂದು ಇದನ್ನು ಬರೆಯುತ್ತ ಕೂತಿದ್ದೇನೆ. ಫೋನು ಹೊಡೆದುಕೊಳ್ಳುತ್ತಿದೆ, ಹೊಡೆದುಕೊಳ್ಳಲಿ.

ಜಗಲಿಯಿಂದ ಕರೆಯುತ್ತಿದ್ದಾಳೆ. ಗಂಜಿಯ ಹೊತ್ತು. ಈ ಸಲ ಗೆದ್ಲು ಅಲ್ಲ. ತುಟಿ ಕೂಡಿಸುತ್ತಿದ್ದಾಳೆ, ಇಲ್ಲಿಗೆ ಕೇಳುತ್ತಿದೆ — ಬ್... ಬ್... — ಹೋಗಬೇಕು, ಓಗೊಡಬೇಕು, ಈ ಸಲ ಮೊದಲ ಕರೆಗೇ