ಟೀವಿಗೆ ಸೀಟು, ನನ್ನ ಕಂಪ್ಯೂಟರಿಗೆ ಡಿಕ್ಕಿ

ಮಾರ್ಚ್ ೧೪, ಶನಿವಾರ

ಮನೆ ಬದಲಾಯಿಸಿದ್ದಾಯಿತು. ಮೈಕೈ ನೋವಿಗಿಂತ ಸಿಟ್ಟೇ ಹೆಚ್ಚು.

ಕಂಪ್ಯೂಟರನ್ನು ನಾನೇ ಕಂಬಳಿಯಲ್ಲಿ ಸುತ್ತಿ, ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ, ಬೆಲ್ಟ್ ಹಾಕಿದ್ದೆ. ಹಳೇ ಮನೆಯ ಬೀಗದ ಕೈ ಕೊಟ್ಟು ಬರುವಷ್ಟರಲ್ಲಿ ಆ ಜಾಗದಲ್ಲಿ ಟೀವಿ ಬೆಲ್ಟ್ ಹಾಕಿಕೊಂಡು ಕೂತಿತ್ತು. ಕಂಪ್ಯೂಟರ್ ಡಿಕ್ಕಿಯಲ್ಲಿ, ಅದರ ಮೇಲೆ ಪಾತ್ರೆ ತುಂಬಿದ ಬಕೆಟ್.

"ಅಣ್ಣಾ, ಯಾಕೆ ತೆಗೆದೆ?"

"ಟೀವಿ ಗಾಜು ಕಣೇ, ಒಡೆದುಹೋಗುತ್ತೆ. ನಿನ್ನದಕ್ಕೇನಾಗುತ್ತೆ, ತಗಡಿನ ಪೆಟ್ಟಿಗೆ."

ಆ ಪೆಟ್ಟಿಗೆಯಲ್ಲೇ ನಾನು ಜನರ ಮನೆಗಳ ನಕ್ಷೆ ಬರೆಯುವುದು. ಅಣ್ಣನಿಗೆ ಕೆಲಸವಿಲ್ಲದ ವರ್ಷವಿಡೀ ನಮ್ಮ ಮನೆ ನಡೆದದ್ದೂ ಅದರಿಂದಲೇ. ಒಬ್ಬರ ಬಾಯಲ್ಲೂ ಆ ಮಾತು ಬರುವುದಿಲ್ಲ.

ಮೊದಲ ರಸ್ತೆಯುಬ್ಬಿನಲ್ಲೇ ಡಿಕ್ಕಿಯೊಳಗೆ ದಡಾರ್ ಎಂದು ಸದ್ದಾಯಿತು. ನಿಲ್ಲಿಸು ಅಂದೆ, ಕಾರು ಓಡಿಸುತ್ತಿದ್ದ ಅಣ್ಣ ನಿಲ್ಲಿಸಲಿಲ್ಲ. ಸಿಗ್ನಲ್ಲಿನಲ್ಲಿ ಕಾರು ನಿಂತದ್ದೇ ತಡ, ಇಳಿದು ಹೋಗಿ ಡಿಕ್ಕಿ ತೆಗೆದು, ಕಂಪ್ಯೂಟರನ್ನು ಎತ್ತಿಕೊಂಡು ಬಂದು ತೊಡೆಯ ಮೇಲಿಟ್ಟುಕೊಂಡು ಕೂತೆ. ಹಿಂದಿನ ಗಾಡಿಯವರೆಲ್ಲ ಹಾರ್ನ್ ಹೊಡೆದರು.

"ಮಾನ ಕಳೀತೀಯಲ್ಲೇ" ಅಂದ ಅಣ್ಣ.

ಹೊಸ ಮನೆಯಲ್ಲಿ ಗುಂಡಿ ಒತ್ತಿದರೆ ಪರದೆ ಕಪ್ಪು. ಬಿಚ್ಚಿ ನೋಡಿದೆ. ಒಳಗಿನ ಕಾರ್ಡೊಂದು ಏಟಿಗೆ ಸಡಿಲಾಗಿತ್ತು. ಒತ್ತಿ ಕೂರಿಸಿದೆ. ಪರದೆ ಬೆಳಗಿತು. ನಕ್ಷೆಗಳೆಲ್ಲ ಇವೆ.

ಅಮ್ಮನಿಗೆ ಹೇಳಿದರೆ, "ಸರಿಹೋಯ್ತಲ್ಲ, ಇನ್ನೇನು? ಅವನ ಮೇಲಿನ ಸಿಟ್ಟು ಬಿಡು" ಅಂದಳು.

ತಲೆಯಾಡಿಸಿ ಬಂದುಬಿಟ್ಟೆನಲ್ಲ, ಅದೇ ಈಗ ಕೊರೆಯುತ್ತಿದೆ. ಸರಿಹೋಗಲಿಲ್ಲಮ್ಮ, ನಾನು ಸರಿಮಾಡಿದೆ. ನಾಳೆ ಕಾಫಿ ಕುಡಿಯುವಾಗ ಅಣ್ಣನ ಎದುರಿಗೇ ಇದನ್ನು ಹೇಳುತ್ತೇನೆ. ಅವನು ಲೋಟ ಇಟ್ಟು ಎದ್ದುಹೋದರೂ ಸರಿ, ಹಿಂದೆಯೇ ಹೋಗಿ ಹೇಳಿ ಮುಗಿಸುತ್ತೇನೆ.