ಬಿಸಿಲಿಗೆ ಸುಟ್ಟದ್ದು, ನೀರಿಗಲ್ಲ

೧೮ ಮಾರ್ಚ್, ಸಂಜೆ

ಪ್ರೀತಿಯ ಅಕ್ಕನಿಗೆ,

ನಿಮ್ಮ ಕನ್ನಡಕದವಳ ನಮಸ್ಕಾರ. ನಿಮ್ಮ ಎರಡು ಪತ್ರ ಬಂದರೂ ಉತ್ತರ ಬರೆಯದೆ ಕೂತಿದ್ದೆ. ಬೈದುಕೊಂಡಿರುತ್ತೀರಿ, ಬೈಯಿರಿ. ಬರೆಯೋಣವೆಂದು ಕೂತಾಗಲೆಲ್ಲ ಸಿಟ್ಟು ಉಕ್ಕಿ ಬರುತ್ತಿತ್ತು. ಇವತ್ತು ತಣ್ಣಗಾಗಿದೆ ಅಂದುಕೊಂಡು ಪೆನ್ನು ಹಿಡಿದೆ; ಆಗಿಲ್ಲ ಅಂತ ಈಗ ಗೊತ್ತಾಗುತ್ತಿದೆ. ನಿಮ್ಮ ಮಂಡಿನೋವು ಹೇಗಿದೆ? ಭಾವನವರು ಈಗಲಾದರೂ ಅಡುಗೆಮನೆಗೆ ಕಾಲಿಡುತ್ತಾರೋ, ಇಲ್ಲ ನಿವೃತ್ತಿ ಅಂದರೆ ನಿಮಗೆ ಮನೆಯಲ್ಲಿ ಇನ್ನೊಂದು ಪಾಳಿಯೋ?

ಕಣ್ಣಿನ ಆಸ್ಪತ್ರೆ ಹಾಗೇ ಇದೆ. ನಾನು ಅದೇ ಕತ್ತಲೆ ಕೋಣೆಯಲ್ಲಿ ನಿಂತು, ‘ಇದು ಸ್ಪಷ್ಟವೋ, ಅದು ಸ್ಪಷ್ಟವೋ’ ಎನ್ನುತ್ತ ಗಾಜು ಬದಲಿಸುತ್ತಿದ್ದೇನೆ. ನಿಮ್ಮ ಜಾಗಕ್ಕೆ ಬಂದಿರುವ ಮೇಲ್ವಿಚಾರಕಿಗೆ ನಾವು ಸ್ಕೇಲಮ್ಮ ಎಂದು ಹೆಸರಿಟ್ಟಿದ್ದೇವೆ. ಕುರ್ಚಿ ಗೋಡೆಗೆ ಸಮನಾಗಿಲ್ಲದಿದ್ದರೆ ಆಕೆಗೆ ಊಟ ಸೇರುವುದಿಲ್ಲ.

ನೀವು ಹೋಗುವಾಗ ನನ್ನ ಕೈಗಿತ್ತ ಆ ದಪ್ಪ ಎಲೆಯ ಸಕ್ಯುಲೆಂಟ್ ಗಿಡ ನಿಮ್ಮ ಹಳೇ ಮೇಜಿನ ಮೇಲೆ, ಕಿಟಕಿ ಪರದೆಯ ಈಚೆ, ಗುಂಡಗೆ ಸುಖವಾಗಿತ್ತು. ಸ್ಕೇಲಮ್ಮ ಬಂದ ವಾರವೇ ಮೇಜುಗಳನ್ನೆಲ್ಲ ಸಾಲು ಮಾಡಿಸಿ, ಕುಂಡವನ್ನು ಪಶ್ಚಿಮದ ಕಿಟಕಿಯ ಕಟ್ಟೆಗೆ ಎತ್ತಿಟ್ಟರು. ಮಧ್ಯಾಹ್ನದ ಮೇಲೆ ಆ ಗಾಜಿಗೆ ಕೈ ತಾಗಿಸುವ ಹಾಗಿಲ್ಲ, ನಿಮಗೇ ಗೊತ್ತು. ಸ್ವಲ್ಪ ದಿನಕ್ಕೆ ಎಲೆಗಳ ಮೇಲೆ ಕಂದು ಕಲೆ ಬಿತ್ತು.

ಒಂದು ಬೆಳಿಗ್ಗೆ, ರೋಗಿಗಳು ತುಂಬಿದ್ದ ಹಾಲ್‌ನಲ್ಲೇ ಆಕೆ ಕುಂಡ ಎತ್ತಿ ಹಿಡಿದು, “ಇದಕ್ಕೆ ನೀರು ಸುರಿಯೋರು ನೀವೇ ತಾನೇ? ಬೇರು ಕೊಳೆಸಿ ಇಟ್ಟಿದ್ದೀರ. ಒಂದು ಗಿಡ ನೋಡ್ಕೊಳ್ಳೋಕೆ ಬರಲ್ಲ ಅಂದ್ರೆ ಏನ್ರೀ?” ಅಂದರು. ಕಣ್ಣಿಗೆ ಔಷಧಿ ಬಿಟ್ಟುಕೊಂಡು ಕೂತಿದ್ದ ಅಜ್ಜಿಯೊಬ್ಬರು ಕೂಡ ತಲೆಯೆತ್ತಿ ನನ್ನ ಕಡೆ ತಿರುಗಿದರು. ನಾನು ಮುಂದಿನ ರೋಗಿಯನ್ನು ಕರೆದೆ. ಹೌದೇನೋ ಅಂದುಕೊಂಡು ನೀರು ಪೂರ್ತಿ ನಿಲ್ಲಿಸಿಬಿಟ್ಟೆ. ಎಲೆ ಸುಕ್ಕಾಯಿತು, ಕಂದು ಇನ್ನೂ ಹರಡಿತು. ಆಕೆ ಬೀಗಿದರು. “ನೋಡಿದ್ರಾ, ಕೊಳೆತದ್ದು ಮೇಲೆ ಬರ್ತಿದೆ. ನಾಳೆ ಕಸಕ್ಕೆ ಹಾಕಿಸ್ತೀನಿ.”

ಆ ಮಾತು ಕೇಳಿದ ಮೇಲೆಯೇ ನನಗೆ ಬುದ್ಧಿ ಬಂದದ್ದು. ದಿನವಿಡೀ ಊರವರ ಕಣ್ಣು ಪರೀಕ್ಷಿಸುವ ನಾನು ಗಿಡವನ್ನು ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲವಲ್ಲ! ಊಟದ ಬಿಡುವಿನಲ್ಲಿ ಹಳೇ ಪೇಪರ್ ಹಾಸಿ ಕೂತೆ. ಕಂದು ಬಿದ್ದ ಎಲೆಯನ್ನು ಒತ್ತಿದೆ. ನೀರು ಹೆಚ್ಚಾಗಿದ್ದರೆ ಮೆತ್ತಗೆ, ಗಾಜಿನ ಹಾಗೆ ಪಾರದರ್ಶಕ ಆಗಬೇಕಿತ್ತು. ಇದು ಒಣ ಕಾಗದದ ಹಾಗೆ ಗರಗರ ಅಂದಿತು. ಕೊಳೆಯುವುದಾದರೆ ಮಣ್ಣಿಗೆ ತಾಗಿದ ಕೆಳಗಿನ ಎಲೆ ಮೊದಲು ಹೋಗಬೇಕು. ಅವು ಗಟ್ಟಿಯಾಗಿಯೇ ಇದ್ದವು. ಕಲೆ ಇದ್ದದ್ದು ಕಿಟಕಿಯ ಕಡೆಗಿದ್ದ ಎಲೆಗಳಲ್ಲಿ ಮಾತ್ರ. ಕುಂಡ ಬೋರಲು ಹಾಕಿ ಗಿಡ ಹೊರತೆಗೆದೆ. ಮಣ್ಣು ಬೂದಿಯ ಹಾಗೆ ಉದುರಿತು. ಬೇರು ಬೆಳ್ಳಗೆ, ಗಟ್ಟಿ; ವಾಸನೆಯ ಸುಳಿವೇ ಇಲ್ಲ.

ಬಿಸಿಲಿಗೆ ಸುಟ್ಟಿತ್ತು, ಅಕ್ಕ! ಅದಕ್ಕೂ ಬಿಸಿಲು ಬೇಕು, ನಿಜ. ಆದರೆ ನೆರಳಲ್ಲಿ ಬೆಳೆದದ್ದನ್ನು ದಿಢೀರನೆ ಒಯ್ದು ಬೆಂಕಿಯಂಥ ಗಾಜಿನ ಮುಂದೆ ಕೂರಿಸಿದರೆ? ಅದರ ಮೇಲೆ ನಾನು ಬೇರೆ ಬಾಯಾರಿಸಿಟ್ಟೆ.

ಗಿಡವನ್ನು ಪೇಪರ್ ಸಮೇತ ಎತ್ತಿಕೊಂಡು ನೇರ ಡಾಕ್ಟರ ಕೋಣೆಗೆ ಹೋದೆ. ಸ್ಕೇಲಮ್ಮ ಅಲ್ಲೇ ಇದ್ದರು.

“ಇದರಲ್ಲಿ ಕೊಳೆತ ಬೇರು ಎಲ್ಲಿದೆ, ತೋರಿಸಿ ಮೇಡಂ. ನೀವು ಕಿಟಕಿಗೆ ಇಟ್ಟಿದ್ದಕ್ಕೆ ಬಿಸಿಲಿಗೆ ಸುಟ್ಟಿದೆ,” ಅಂದೆ.

“ಗಿಡಕ್ಕೆ ಬೆಳಕು ಬೇಕಲ್ವಾ ಅಂತ ಇಟ್ಟೆ. ಇಷ್ಟಕ್ಕೆಲ್ಲ ಇಷ್ಟು ಗಲಾಟೆನಾ?”

“ಹಾಲ್‌ನಲ್ಲಿ ನನ್ನ ಮಾನ ಕಳೆದಾಗ ಅದು ಇಷ್ಟೇ ಅನ್ನಿಸಲಿಲ್ವಾ ನಿಮಗೆ? ಅಂದದ್ದನ್ನ ಹಾಲ್‌ನಲ್ಲೇ ವಾಪಸ್ ತಗೊಳ್ಳಿ.”

ಗಿಡವನ್ನು ಡಾಕ್ಟರ ಮೇಜಿನ ಮೇಲೇ ಇಟ್ಟೆ. ಡಾಕ್ಟರು ಕನ್ನಡಕ ತೆಗೆದು ಒರೆಸುತ್ತ, “ಮೇಡಂ, ಹೇಳಿಬಿಡಿ, ಮುಗೀತು,” ಅಂದರು. ಆಕೆ ಹಾಲ್‌ಗೆ ಬಂದು, “ಗಿಡ ಹಾಳಾಗಿದ್ದು ಇವರಿಂದ ಅಲ್ಲ,” ಅಂದರು. ಯಾರಿಂದ ಎನ್ನುವುದನ್ನು ನುಂಗಿಕೊಂಡರು. ಕ್ಷಮೆ ಎನ್ನುವ ಪದವೂ ಬಾಯಿಂದ ಬೀಳಲಿಲ್ಲ. ಈಗಲೂ ನೆನೆದರೆ ಮೈ ಉರಿಯುತ್ತದೆ.

ಗಿಡವನ್ನು ಕುಂಡಕ್ಕೆ ನೆಟ್ಟು ಮತ್ತೆ ಪರದೆಯ ಈಚೆಗೆ ತಂದಿಟ್ಟೆ. ಕುಂಡದ ತಳದ ತೂತಿನಿಂದ ಇಳಿಯುವವರೆಗೆ ನೀರು ಹಾಕಿ ಬಸಿಯಲು ಬಿಟ್ಟೆ. ಇನ್ನು ಮಣ್ಣು ಪೂರ್ತಿ ಒಣಗಿದ ಮೇಲೆಯೇ ನೀರು. ಪೂರಾ ಒಣಗಿದ ಎಲೆ ಕಿತ್ತೆ, ಅರ್ಧ ಸುಟ್ಟದ್ದನ್ನು ಬಿಟ್ಟೆ; ಉಳಿದ ಹಸಿರು ಗಿಡಕ್ಕೆ ಇನ್ನೂ ದುಡಿಯುತ್ತದೆ. ಕಲೆ ಬಿದ್ದ ಎಲೆ ಮತ್ತೆ ಹಸಿರಾಗುವುದಿಲ್ಲ. ಆದರೆ ಸುಕ್ಕಾಗಿದ್ದ ಎಲೆ ಮತ್ತೆ ತುಂಬಿಕೊಂಡಿದೆ, ನಡುವಿನಲ್ಲಿ ಹೊಸ ಎಲೆ ಇಣುಕುತ್ತಿದೆ. ಉಳಿಯಿತು.

ಮಂಡಿಗೆ ಬಿಸಿನೀರಿನ ಶಾಖ ಕೊಡಿ, ಮೆಟ್ಟಿಲು ಹತ್ತಬೇಡಿ. ಮಕ್ಕಳಿಗೆಲ್ಲ ಒಳ್ಳೆಯದಾಗಲಿ, ನೀವಿಬ್ಬರೂ ನೂರು ಕಾಲ ಜಗಳವಾಡಿಕೊಂಡು ಬಾಳಿ.

ಇಂತಿ ನಿಮ್ಮ,
ಕನ್ನಡಕದವಳು

ಮರೆತ ಮಾತು: ಮರೆತಿಲ್ಲ, ಬರೆಯಲು ಧೈರ್ಯವಿರಲಿಲ್ಲ. ಆವತ್ತು ಎಲ್ಲರೂ ಹೋದ ಮೇಲೆ ಡಾಕ್ಟರು ನಗುತ್ತ ಅಂದರು: “ನಿಮಗೂ ಬಾಯಿದೆ ಅಂತ ಇವತ್ತೇ ಗೊತ್ತಾಯ್ತು. ನಿಮ್ಮನ್ನೇ ಮೇಲ್ವಿಚಾರಕಿ ಮಾಡೋಣ ಅಂತಿದ್ದೆ. ನಿಮ್ಮ ಅಕ್ಕನೇ ಬೇಡ ಅಂದ್ರು. ‘ಪಾಪದವಳು, ಯಾರಿಗೂ ಎದುರಾಡಲ್ಲ, ಹೊರಗಿನೋರನ್ನ ಕರೆಸಿ’ ಅಂತ.” ಬೀಳ್ಕೊಡುಗೆಯ ದಿನ ನನ್ನನ್ನು ತಬ್ಬಿಕೊಂಡು, ‘ನಿನ್ನನ್ನ ಬಿಟ್ಟು ಹೋಗೋಕೆ ಮನಸ್ಸಿಲ್ಲ ಕಣೆ’ ಅಂದಿರಲ್ಲ, ಡಾಕ್ಟರಿಗೆ ಇದನ್ನು ಹೇಳಿ ಆದಮೇಲೆ ಅಂದದ್ದೋ, ಹೇಳುವ ಮೊದಲೋ? ಡಾಕ್ಟರು ತಪ್ಪು ತಿಳಿದಿದ್ದಾರೆ ಎಂದು ಬರೆಯಿರಿ, ನಂಬುತ್ತೇನೆ. ನಿಜವಾಗಿದ್ದರೆ ಪತ್ರ ಬೇಡ, ಅಕ್ಕ. ನಾನೇ ಬರುತ್ತೇನೆ. ನನ್ನ ಮುಖ ನೋಡಿ ಹೇಳಿ.