೯.೪೦ಕ್ಕೆ ಹೊರಡದ ಸಮುದ್ರ

೧೧ ಮಾರ್ಚ್, ಭಾನುವಾರ

ಪ್ರೀತಿಯ ಅಕ್ಕ,

ನಿನ್ನ ಮೂರು ಪತ್ರ ನುಂಗಿ ನೀರು ಕುಡಿದು ಕೂತ ತಂಗಿಯ ನಮಸ್ಕಾರ. ಸೋಮಾರಿತನವಲ್ಲ ಕಣೇ. ಮೂರರಲ್ಲೂ ನೀನು ಕೇಳಿದ್ದು ಒಂದೇ, ಇವರ ಮಗಳು ನನ್ನನ್ನು ಏನೆಂದು ಕರೆಯುತ್ತಾಳೆ ಎಂದು. ಏನೂ ಕರೆಯುವುದಿಲ್ಲ. ಮದುವೆಯಾಗಿ ಎಂಟು ತಿಂಗಳಾಯಿತು, ನಾನಿನ್ನೂ ಬರೀ "ಇಲ್ಲಿ ನೋಡಿ". ತಾಯಿಯನ್ನು ಕಳೆದುಕೊಂಡ ಏಳು ವರ್ಷದ ಮಗು, ಬಲವಂತ ಮಾಡಲು ಮನಸ್ಸು ಬರುವುದಿಲ್ಲ. ಆಸೆಯಂತೂ ಇದೆ, ಸುಳ್ಳೇಕೆ ಹೇಳಲಿ.

ಇವತ್ತು ಮೂವರೂ ಸಮುದ್ರಕ್ಕೆ ಹೋಗಿದ್ದೆವು. ನೀರು ಇಳಿದ ಮೇಲೆ ಬಂಡೆಗಳ ಗುಂಡಿಗಳಲ್ಲಿ ಏನೇನು ಉಳಿದಿರುತ್ತದೆ ಎಂದು ನೋಡಬೇಕೆನ್ನುವುದು ಅವಳ ಹಟ. ಸಮಯ ನೋಡುವ ಕೆಲಸ ನಾನೇ ಮೈಮೇಲೆ ಹಾಕಿಕೊಂಡೆ. ಪೇಪರಿನ ಉಬ್ಬರ-ಇಳಿತದ ಪಟ್ಟಿಯಲ್ಲಿ "ಉಬ್ಬರ ೯.೪೦" ಎಂದಿತ್ತು. ರೈಲ್ವೆ ವಿಚಾರಣೆ ಕೌಂಟರಿನಲ್ಲಿ ಹದಿಮೂರು ವರ್ಷ ಕೂತವಳು ನಾನು, ಯಾವ ಸಮಯ ಕಂಡರೂ ನನಗೆ ಅದು ಹೊರಡುವ ಸಮಯವೇ. ಒಂಬತ್ತೂ ನಲವತ್ತಕ್ಕೆ ಉಬ್ಬರ ಹೊರಟುಹೋಗುತ್ತದೆ, ಹತ್ತಕ್ಕೆಲ್ಲ ಬಂಡೆ ಖಾಲಿ ಎಂದುಕೊಂಡು ಕರೆದುಕೊಂಡು ಹೋದೆ.

ಹೋಗಿ ನೋಡಿದರೆ ಬಂಡೆಯೇ ಇಲ್ಲ. ಎಲ್ಲಿ ನೋಡಿದರೂ ನೀರು. ೯.೪೦ ಎಂದರೆ ನೀರು ತುಂಬಿ ನಿಲ್ಲುವ ಸಮಯವಂತೆ, ಇಳಿಯಲು ಶುರುವಾಗುವುದೇ ಆಮೇಲೆ. ಇವರು ಸೊಂಟಕ್ಕೆ ಕೈಯಿಟ್ಟು, "ಗಾಡಿ ಇನ್ನೂ ಪ್ಲಾಟ್‌ಫಾರಂ ಮೇಲೇ ನಿಂತಿದೆಯಲ್ಲ ಮೇಡಂ" ಎಂದರು. ಮಗು ನಕ್ಕೇಬಿಟ್ಟಿತು. ನನ್ನ ಮರ್ಯಾದೆ ಹೋದರೂ ಆ ನಗು ಸಿಕ್ಕಿತಲ್ಲ, ಲಾಭವೇ ಎಂದುಕೊಂಡೆ.

ನೀರು ಪೂರ್ತಿ ಇಳಿಯಲು ಇನ್ನು ಆರು ಗಂಟೆ ಕಾಯಬೇಕು. ತಂದ ಬುತ್ತಿ ಹನ್ನೊಂದಕ್ಕೇ ಮುಗಿಯಿತು, ಇವರು ಮುಖದ ಮೇಲೆ ಟೋಪಿ ಹಾಕಿಕೊಂಡು ಗೊರಕೆ ಶುರುಮಾಡಿದರು. ಅವಳು ನೀರಿನ ಅಂಚಿಗೆ ಒಂದು ಕಡ್ಡಿ ನೆಟ್ಟು, ನೀರು ಹಿಂದೆ ಸರಿದಾಗಲೆಲ್ಲ ಇನ್ನೊಂದು ನೆಡುತ್ತಾ ಹೋದಳು. ಅಷ್ಟು ನೀರು ಎಲ್ಲಿಗೆ ಹೋಗುತ್ತದೆ, ಆಚೆ ದಡದವರಿಗೆ ಈಗ ಪ್ರವಾಹವೇ, ಮೀನಿಗೆ ಮೊದಲೇ ತಿಳಿಯುತ್ತದೆಯೇ ಎಂದು ಒಂದೇ ಸಮನೆ ಕೇಳಿದಳು. ಅರ್ಧಕ್ಕರ್ಧ ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದಷ್ಟೂ ಅವಳು ಹತ್ತಿರ ಬಂದು ಕೂತಳು.

ಕೊನೆಗೂ ಗುಂಡಿಗಳು ಕಂಡವು. ಒಂದರಲ್ಲಿ ಹೂವಿನ ಹಾಗೆ ಅರಳಿದ ಪ್ರಾಣಿ, ಬೆರಳು ತಾಗಿಸಿದರೆ ಮುಷ್ಟಿ ಕಟ್ಟಿಕೊಳ್ಳುತ್ತಿತ್ತು. ಕಣ್ಣೇ ಇಲ್ಲದ ಅದಕ್ಕೆ ನಾವು ಬಂದದ್ದು ಹೇಗೆ ತಿಳಿಯಿತು ಎಂದು ಇಬ್ಬರೂ ಮಂಡಿಯೂರಿ ತಲೆ ಕೆಡಿಸಿಕೊಂಡೆವು. ಅಕ್ಕ, ಇಷ್ಟು ಒಳ್ಳೆಯ ದಿನ ಈ ವರ್ಷ ಬಂದಿರಲಿಲ್ಲ.

ಭಾವನ ಬೆನ್ನುನೋವು ಹೇಗಿದೆ, ಬರೆ. ನಿನ್ನ ಮಕ್ಕಳಿಬ್ಬರೂ ಹೀಗೇ ಕಿತ್ತಾಡುತ್ತಾ ನೂರು ವರ್ಷ ಸುಖವಾಗಿರಲಿ.

ನಿನ್ನ,
ಗುಂಡಿ

ಮರೆತದ್ದಲ್ಲ, ಬೇಕೆಂದೇ ಬಿಟ್ಟಿದ್ದೆ: ಹೊರಡುವಾಗ ಪಾಚಿಯ ಮೇಲೆ ಅವಳ ಕಾಲು ಜಾರಿ, "ಅಮ್ಮಾ" ಎಂದು ಕೂಗಿದಳು. ಚಪ್ಪಲಿ ಕಳಚಿದ್ದೂ ತಿಳಿಯದೆ ಓಡಿದೆ. ಮೊಣಕಾಲು ತರಚಿತ್ತು. ನನ್ನ ಮುಖ ನೋಡಿದಳು, ಮೆಲ್ಲಗೆ, "ನಿಮ್ಮನ್ನ ಕರೆದಿದ್ದಲ್ಲ" ಎಂದಳು. "ಗೊತ್ತು ಪುಟ್ಟಾ. ಹತ್ರ ಇದ್ದೆನಲ್ಲ, ಅದಕ್ಕೆ ಬಂದೆ" ಎಂದೆ. ಆಮೇಲೆ ಬಸ್ಸಿನವರೆಗೂ ಬೆನ್ನ ಮೇಲೆ ಹೊತ್ತುಕೊಂಡು ನಡೆದೆ ಅಕ್ಕ. ಹಾಗೆ ಹೊತ್ತರೆ ನನ್ನ ಮುಖ ಅವಳಿಗೆ ಕಾಣುವುದಿಲ್ಲ.